ಕಿಟಕಿಕಟ್ಟೆಯ ರೂಟರ್ ಮಹಾಶಯರಿಗೆ, ಲಕ್ಕಮ್ಮನ ಓದಿನ ಸಲುವಾಗಿ

ಇವರಿಗೆ,
ಶ್ರೀಮಾನ್ ರೂಟರ್ ಮಹಾಶಯರು,
ನಡುಮನೆಯ ಕಿಟಕಿಕಟ್ಟೆ, ಎರಡನೆಯ ಅಡ್ಡರಸ್ತೆ, ಕೊಡಿಗೇಹಳ್ಳಿ, ಬೆಂಗಳೂರು.

ಇವರಿಂದ,
ಎನ್. ಕಲಾವತಿ, ನಿವೃತ್ತ ವಿಜ್ಞಾನ ಶಿಕ್ಷಕಿ,
ಅದೇ ಮನೆ, ಅದೇ ನಡುಮನೆ, ತಮ್ಮಿಂದ ಏಳು ಅಡಿ ದೂರದ ಕುರ್ಚಿ.

ವಿಷಯ: ಸಂಜೆ ಆರರಿಂದ ಏಳರವರೆಗೆ ತಾವು ತೋರುತ್ತಿರುವ ಅಪಾರ ತಾಳ್ಮೆಯ ಬಗ್ಗೆ.

ಮಾನ್ಯರೇ,

ತಮಗೂ, ತಮ್ಮ ಬೆನ್ನ ಹಿಂದೆ ಸದಾ ಕೈಯೆತ್ತಿ ನಿಂತಿರುವ ಎರಡು ಆಂಟೆನಾಗಳಿಗೂ, ತಮಗೆ ಹೊತ್ತುಹೊತ್ತಿಗೆ ಆಹಾರ ಒದಗಿಸುವ ಅಡಾಪ್ಟರಿಗೂ, ತಮ್ಮ ಹೊಟ್ಟೆಯೊಳಗೆ ಬೆಚ್ಚಗೆ ಮಲಗಿರುವ ಸಿಮ್ ಕಾರ್ಡಿಗೂ ನನ್ನ ಸವಿನಯ ನಮಸ್ಕಾರಗಳು. ಈ ಪತ್ರ ಬರೆಯುವ ಹೊತ್ತಿನಲ್ಲಿಯೂ ತಮ್ಮ ಮುಖದ ನಾಲ್ಕು ಹಸಿರು ದೀಪಗಳು ಎಂದಿನಂತೆ ಕ್ಷೇಮವಾಗಿ ಉರಿಯುತ್ತಿರುವುದನ್ನು ಕಂಡು ಸಂತೋಷವಾಯಿತು. ಮನೆಯಲ್ಲಿ ಒಂದು ಪುಟವೂ ತೆರೆದುಕೊಳ್ಳದಿರುವಾಗ ಎಲ್ಲವೂ ಸುಸೂತ್ರವಾಗಿದೆ ಎಂದು ಹಸಿರು ದೀಪ ತೋರಿಸುವ ಈ ಧೈರ್ಯವನ್ನು ನಾನು ನನ್ನ ಮೂವತ್ನಾಲ್ಕು ವರ್ಷಗಳ ಸೇವೆಯಲ್ಲಿ ಶಾಲಾ ತಪಾಸಣೆಯ ದಿನಗಳಂದು ಮಾತ್ರ ಕಂಡಿದ್ದೆ.

ತಾವು ನಮ್ಮ ಮನೆಗೆ ಬಂದದ್ದು ಕಷ್ಟಕಾಲದಲ್ಲಿ ಎಂಬುದನ್ನು ನಾನು ಮರೆತಿಲ್ಲ. ಚರಂಡಿಗೆಂದು ನಮ್ಮ ಅಡ್ಡರಸ್ತೆಯನ್ನು ಅಗೆದವರು ಮಣ್ಣಿನ ಜೊತೆಗೆ ಅಂತರ್ಜಾಲದ ಕೇಬಲ್ಲನ್ನೂ ಕಿತ್ತು ಟ್ರ್ಯಾಕ್ಟರಿಗೆ ತುಂಬಿ ಕಳುಹಿಸಿದರು. ಕೇಬಲ್ಲಿನವರು ಬಂದು, ಆಗಷ್ಟೇ ಹಾಕಿದ್ದ ಕಾಂಕ್ರೀಟನ್ನು ನೋಡಿ, ಇದನ್ನು ಇನ್ನು ಅಗೆಯುವಂತಿಲ್ಲ ಎಂದು ತಲೆಯಾಡಿಸಿ ಹೋದರು. ಮೊಬೈಲಿನ ಸಿಮ್ಮನ್ನೇ ನುಂಗಿ ಇಡೀ ಮನೆಗೆ ಅಂತರ್ಜಾಲವನ್ನು ಹಂಚುವ ಪುಣ್ಯಾತ್ಮರೊಬ್ಬರು ಇದ್ದಾರೆಂದು ಆಗ ತಮ್ಮನ್ನು ಪರಿಚಯಿಸಿದವನು ಮುಖ್ಯರಸ್ತೆಯ ಮೊಬೈಲ್ ಅಂಗಡಿಯ ಆತಿಫ್, ನನ್ನ ಹಳೆಯ ವಿದ್ಯಾರ್ಥಿ. ನನ್ನ ಪತಿ ಉಪೇಂದ್ರರು ತಮಗೆ ಅರಿಶಿನ ಕುಂಕುಮವಿಟ್ಟು ಬರಮಾಡಿಕೊಂಡರು, ಶೋಕೇಸಿನ ಗಾಜಿನ ಬಾಗಿಲಿನ ಹಿಂದೆ, ನನಗೆ ಬಂದ ಉತ್ತಮ ಶಿಕ್ಷಕಿಯ ಪದಕದ ಪಕ್ಕದಲ್ಲಿ ಕೂರಿಸಿದರು, ಧೂಳು ತಾಗಬಾರದೆಂದು ಕಸೂತಿ ಬಟ್ಟೆಯನ್ನು ಹೊದಿಸಿದರು. ಆ ಪದಕವನ್ನು ಪಡೆಯಲು ನನಗೆ ಇಪ್ಪತ್ತೊಂಬತ್ತು ವರ್ಷಗಳು ಬೇಕಾದವು. ಅದರ ಪಕ್ಕದ ಪೀಠ ತಮಗೆ ಹತ್ತೇ ನಿಮಿಷದಲ್ಲಿ ದೊರೆಯಿತು. ಇದನ್ನು ನಾನು ಅಸೂಯೆಯಿಂದ ಹೇಳುತ್ತಿಲ್ಲ, ದಾಖಲೆಗಾಗಿ ಹೇಳುತ್ತಿದ್ದೇನೆ.

ತಮ್ಮಿಂದ ನಾವು ಬಯಸಿದ್ದು ಹೆಚ್ಚೇನಲ್ಲ. ನಾವು ಚಲನಚಿತ್ರ ನೋಡುವವರಲ್ಲ, ಆಟ ಆಡುವವರಲ್ಲ. ದಿನಕ್ಕೆ ಒಂದು ಗಂಟೆ, ಸಂಜೆ ಆರರಿಂದ ಏಳು, ನನ್ನ ಮುಖ ಮತ್ತು ಧ್ವನಿಯನ್ನು ಕೊಡಿಗೇಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಮುಟ್ಟಿಸಿ, ಅಲ್ಲಿಂದ ಒಬ್ಬರ ಮುಖ ಮತ್ತು ಧ್ವನಿಯನ್ನು ಇಲ್ಲಿಗೆ ತಂದುಕೊಟ್ಟರೆ ಸಾಕಾಗಿತ್ತು. ಆ ಒಬ್ಬರ ಹೆಸರು ಲಕ್ಕಮ್ಮ. ತಾವು ಅವರನ್ನು ದಿನವೂ ಹೊತ್ತು ತರುತ್ತಿದ್ದರೂ ಅವರ ಪರಿಚಯ ತಮಗೆ ಇರಲಾರದು, ಏಕೆಂದರೆ ಅವರು ತಮ್ಮ ಮೂಲಕ ಬರುವಾಗ ಇಡಿಯಾಗಿ ಬಂದ ದಿನಗಳು ಕಡಿಮೆ.

ಲಕ್ಕಮ್ಮನವರಿಗೆ ಅರವತ್ತೆರಡು ವರ್ಷ. ನಮ್ಮ ಬಡಾವಣೆ ಇನ್ನೂ ಹೊಲವಾಗಿದ್ದ ಕಾಲದಿಂದ ಇಲ್ಲಿಯವರು. ದಂಟು, ಕೀರೆ, ಸಬ್ಬಸಿಗೆ ಬೆಳೆದು ಇಪ್ಪತ್ತು ವರ್ಷ ನಮ್ಮ ಮನೆಗೇ ತಂದುಕೊಟ್ಟವರು. ಯಾವ ಮನೆಗೆ ಯಾವ ಸೊಪ್ಪು, ಎಷ್ಟು ಕಟ್ಟು, ಯಾರು ಯಾವ ದಿನ ಬೇಡವೆಂದರು ಎಂಬುದೆಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡಿದ್ದ ಅವರಿಗೆ ಬಸ್ಸಿನ ಬೋರ್ಡನ್ನು ಮಾತ್ರ ಓದಲು ಬರುತ್ತಿರಲಿಲ್ಲ. ಹೋದ ವರ್ಷ ಒಂದು ಮಧ್ಯಾಹ್ನ ನಮ್ಮ ಮೆಟ್ಟಿಲ ಮೇಲೆ ಕುಳಿತು, “ಟೀಚರಮ್ಮ, ಊರ್ ಮಕ್ಳಿಗೆಲ್ಲ ಯೋಳ್ಕೊಟ್ರಿ, ನಂಗೂ ನಾಕ್ ಅಕ್ಸರ ಯೋಳ್ಕೊಡಿ. ಸಾಯೋದ್ರೊಳ್ಗೆ ನನ್ನೆಸ್ರು ನಾನೇ ಓದ್ಬೇಕು” ಎಂದರು. ಎಂಟು ತಿಂಗಳು ಅದೇ ಮೆಟ್ಟಿಲ ಮೇಲೆ ಪಾಠ ನಡೆಯಿತು. ಒತ್ತಕ್ಷರಗಳವರೆಗೆ ಬಂದಾಗ ಅವರ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಲು ಆರಂಭಿಸಿದರು. ಅದು ಮುಗಿಯುವತನಕ ಲಕ್ಕಮ್ಮ ಚಿಕ್ಕಬಾಣಾವರದಲ್ಲಿರುವ ಮಗಳು ಶಾಂತಲಾಳ ಮನೆಗೆ ಹೋದರು. ಮೆಟ್ಟಿಲ ಪಾಠ ತಮ್ಮ ಪಾಲಿಗೆ ಬಂದದ್ದು ಹೀಗೆ.

ಬರುವ ಶನಿವಾರ, ಅಂದರೆ ನಾಡಿದ್ದು, ಲಕ್ಕಮ್ಮನ ಮೊಮ್ಮಗಳು ನಯನಾಳ ಶಾಲೆಯಲ್ಲಿ ಅಜ್ಜ ಅಜ್ಜಿಯರ ದಿನ. ಬೇರೆ ಮಕ್ಕಳ ಅಜ್ಜಿಯರು ಹಾಡುತ್ತಾರಂತೆ, ರಂಗೋಲಿ ಹಾಕುತ್ತಾರಂತೆ. ಎರಡನೆಯ ತರಗತಿಯ ನಯನಾ ಮಾತ್ರ ತನ್ನ ಅಜ್ಜಿ ಪುಸ್ತಕ ಓದುತ್ತಾರೆ ಎಂದು ಹೆಸರು ಬರೆಸಿ ಬಂದಳು. ಇಲಿಯೊಂದು ಗೋಣಿಚೀಲದೊಳಗೆ ಸಿಕ್ಕಿಕೊಳ್ಳುವ ಒಂದು ಪುಟದ ಕತೆ. ಒಟ್ಟು ಹದಿನಾಲ್ಕು ಸಾಲು. ಒಂದು ಸಾಲು ಲಕ್ಕಮ್ಮನವರು ಓದುವುದು, ತಪ್ಪಿದ್ದರೆ ನಾನು ತಿದ್ದುವುದು, ಅನಂತರ ಮುಂದಿನ ಸಾಲು, ಇದು ನಮ್ಮ ಕ್ರಮ. ಈ ಕ್ರಮಕ್ಕೆ ತಾವು ಒದಗಿಸಿದ ಸಹಕಾರವನ್ನು ಈಗ ಸ್ವಲ್ಪ ವಿಸ್ತಾರವಾಗಿ ಸ್ಮರಿಸಲು ಅಪ್ಪಣೆ ಕೊಡಬೇಕು.

ಬೆಳಗ್ಗೆ ಆರಕ್ಕೆ ತಾವು ಚಿರತೆ. ಹತ್ತಕ್ಕೆ ಕುದುರೆ. ಮಧ್ಯಾಹ್ನ ಮೂರಕ್ಕೆ, ಹೊಟ್ಟೆ ತುಂಬ ಉಂಡ ಗೃಹಸ್ಥ. ಸಂಜೆ ಆರಕ್ಕೆ ಸರಿಯಾಗಿ ತಾವು ಎಂಥ ಪರಮಶಾಂತಿಯನ್ನು ತಲುಪುತ್ತೀರಿ ಎಂದರೆ, ಲ್ಯಾಪ್‌ಟಾಪಿನ ಪರದೆಯ ಮೇಲೆ ಗುಂಡಗೆ ಸುತ್ತುವ ಆ ಚಕ್ರವೊಂದನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೇನೂ ಚಲಿಸುತ್ತಿಲ್ಲವೆಂದು ತೋರುತ್ತದೆ. ಮೊಬೈಲಿನಲ್ಲೇ ಪಾಠ ಮಾಡಬಹುದಲ್ಲ ಎಂದು ತಾವು ಕೇಳಬಹುದು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನನಗೆ ದೊಡ್ಡ ಪರದೆಯೇ ಬೇಕು. ಮೊಬೈಲಿನಲ್ಲಿ ಲಕ್ಕಮ್ಮನ ಪುಸ್ತಕದ ಅಕ್ಷರಗಳು ಸಾಸಿವೆ ಚೆಲ್ಲಿದಂತೆ ಕಾಣುತ್ತವೆ.

ನಾನು ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡ ಮಾಧ್ಯಮದಲ್ಲಿಯೇ ವಿಜ್ಞಾನ ಕಲಿಸಿದವಳು. ಕಾರಣ ತಿಳಿಯದೆ ದೂರುವುದು ನನ್ನ ಅಭ್ಯಾಸವಲ್ಲ. ಆದ್ದರಿಂದ ನನ್ನ ಮಕ್ಕಳಿಗೆ ಬರೆಸುತ್ತಿದ್ದಂತೆಯೇ ಎಡಬದಿಗೆ ಅಂಚು ಬಿಟ್ಟು ಒಂದು ಪ್ರಯೋಗ ಪುಸ್ತಕವನ್ನು ತೆರೆದೆ. ಉದ್ದೇಶ: ರೂಟರ್ ಮಹಾಶಯರ ಸಂಜೆಯ ಆಲಸ್ಯಕ್ಕೆ ಕಾರಣವನ್ನು ಕಂಡುಹಿಡಿಯುವುದು. ಬೇಕಾಗುವ ಸಾಮಗ್ರಿಗಳು: ರೂಟರ್ ಒಂದು, ಮೊಬೈಲ್ ಎರಡು, ಗಡಿಯಾರ ಒಂದು, ಪತಿ ಒಬ್ಬರು.

ಮೊದಲು ಕಂಪನಿಯ ಸಹಾಯವಾಣಿಗೆ ಕರೆ ಮಾಡಿದೆ. ಅತ್ಯಂತ ಸಂಸ್ಕಾರವಂತ ಯಂತ್ರವೊಂದು ಒಂಬತ್ತು ಬಾರಿ ನನ್ನ ಕರೆ ತನಗೆ ಅಮೂಲ್ಯವೆಂದು ತಿಳಿಸಿ, ಹತ್ತನೆಯ ಬಾರಿ ತಮ್ಮನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸಬೇಕೆಂದು ಅಪ್ಪಣೆ ಮಾಡಿತು. ಹಾಗೆಯೇ ಮಾಡಿದೆ. ತಾವು ಎರಡು ನಿಮಿಷ ವಿಶ್ರಾಂತಿ ಪಡೆದು, ಎದ್ದು, ನಾಲ್ಕೂ ದೀಪ ಹೊತ್ತಿಸಿಕೊಂಡು, ಬಿಟ್ಟಲ್ಲಿಂದಲೇ ಆಲಸ್ಯವನ್ನು ಮುಂದುವರಿಸಿದಿರಿ. ಅನಂತರ ಆರು ಗಂಟೆಗೆ ಮೊಬೈಲಿನ ಸ್ವಂತ ಸಿಮ್ಮನ್ನು ಪರೀಕ್ಷಿಸಿದೆ, ಅದು ಓಡಿತು. ಅದೇ ಆರು ಗಂಟೆಗೆ ತಮ್ಮ ಮೂಲಕ ಪರೀಕ್ಷಿಸಿದೆ, ಕುಂಟಿತು. ವೀಕ್ಷಣೆ: ಗಾಳಿಯಲ್ಲಿ ಸಿಗ್ನಲ್ ಇದೆ. ತೀರ್ಮಾನ: ಅಡಚಣೆ ನಡುವಿನವರಲ್ಲಿದೆ.

ಬಳಿಕ ತಮ್ಮ ಕಸೂತಿ ಹೊದಿಕೆಯನ್ನು ತೆಗೆದೆ. ಉಪೇಂದ್ರರು ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. “ಪಾಪ, ಅದಕ್ಕೆ ಧೂಳು ಹಿಡಿಯತ್ತೆ ಕಣೇ” ಎಂದು ಒಮ್ಮೆ, “ನಿನ್ನ ಪದಕಕ್ಕೆ ಮಾತ್ರ ವೆಲ್ವೆಟ್ಟು, ಅದಕ್ಕೇನೂ ಬೇಡ್ವಾ” ಎಂದು ಇನ್ನೊಮ್ಮೆ ಅಂದರು. ಶೋಕೇಸಿನ ಗಾಜಿನಿಂದ ತಮ್ಮನ್ನು ಹೊರಗೆ ತಂದೆ. ಊಟದ ಮೇಜಿನ ಮೇಲೆ, ಅಟ್ಟದ ಅಂಚಿನಲ್ಲಿ, ಪುಸ್ತಕದ ಕಪಾಟಿನ ನೆತ್ತಿಯಲ್ಲಿ, ಹೀಗೆ ಮನೆಯ ಎಲ್ಲ ದಿಕ್ಕುಗಳಲ್ಲಿಯೂ ಕೂರಿಸಿ ನೋಡಿ, ಕೊನೆಗೆ ಬೀದಿಗೆ ಮುಖ ಮಾಡಿದ ಈ ಕಿಟಕಿಕಟ್ಟೆಯಲ್ಲಿ ಸ್ಥಾಪಿಸಿದೆ. ಮನೆಯೊಳಗೆ ವೇಗ ಹೆಚ್ಚಲಿಲ್ಲ. ಆದರೆ ಒಂದು ವಿಚಿತ್ರವನ್ನು ಗಮನಿಸಿದೆ: ಆ ದಿನದಿಂದ ಎದುರಿನ ಮುನಿಕೃಷ್ಣಪ್ಪನವರ ಕಟ್ಟಡದಲ್ಲಿ ಬಾಡಿಗೆಗಿರುವ ಪಿ.ಜಿ.ಯ ಹುಡುಗರು ನನ್ನನ್ನು ಕಂಡಾಗ ಮೊದಲಿಗಿಂತ ಹೆಚ್ಚು ಭಕ್ತಿಯಿಂದ ಕೈಮುಗಿಯತೊಡಗಿದರು. ವಿಜ್ಞಾನ ಶಿಕ್ಷಕಿಯಾದ ನಾನು ಈ ವೀಕ್ಷಣೆಯನ್ನು ಪ್ರಯೋಗ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಊರಿನಲ್ಲಿ ಸಂಸ್ಕಾರ ಹೆಚ್ಚುತ್ತಿದೆ ಎಂದುಕೊಂಡು ಸುಮ್ಮನಾದೆ.

ಈಗ ಮೊನ್ನೆ ಮಂಗಳವಾರಕ್ಕೆ ಬರುತ್ತೇನೆ. ಅಂದು ಏಳನೆಯ ಸಾಲು. ಲಕ್ಕಮ್ಮ ಕನ್ನಡಕ ಸರಿಪಡಿಸಿಕೊಂಡು ಪುಸ್ತಕದ ಮೇಲೆ ಬೆರಳಿಟ್ಟರು. ಆಮೇಲೆ ಮೌನ. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಪರದೆಯಲ್ಲಿ ಅವರು ಬೆರಳಿಟ್ಟಂತೆಯೇ ಇದ್ದರು. ಮೊದಲ ಪದವನ್ನು ನಾನೇ ಹೇಳಿಕೊಟ್ಟೆ. ಮತ್ತೆ ಮೌನ. ನಿನ್ನೆ ಬಂದದ್ದು ಇಂದು ಬಾರದೇ ಎಂದು ಕೇಳಿದೆ. ಆಗಲೂ ಮೌನ. ಮಾನ್ಯರೇ, ಮೂವತ್ನಾಲ್ಕು ವರ್ಷ ತರಗತಿಯಲ್ಲಿ ನಿಂತವರಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಮುಂದೆ ಕುಳಿತವರು ಸುಮ್ಮನಿದ್ದರೆ ಅವರಿಗೆ ಬರುವುದಿಲ್ಲ ಎಂದೇ ನಾವು ತಿಳಿಯುತ್ತೇವೆ. ಗಡಿಯಾರ ಆರು ಹದಿನೆಂಟು ತೋರಿಸುತ್ತಿತ್ತು. ನಾನು ಹೇಳಿದೆ: “ಲಕ್ಕಮ್ಮ, ಒಂದು ಸಾಲಿಗೆ ಇಷ್ಟು ಹೊತ್ತು ತಗೊಂಡ್ರೆ ಆ ಮಕ್ಕಳು ಎದ್ದು ಊಟಕ್ಕೆ ಹೋಗ್ತಾರೆ, ಅಷ್ಟೆ.”

ಈ ಮಾತು ಹೋಗಿ ಮುಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದ ಬಂದ ಮಾತೂ ಮುಟ್ಟಿತು. “ಬುಡಿ ಟೀಚರಮ್ಮ. ಈ ವಯಸ್ನಾಗೆ ನಂಗ್ಯಾಕೆ ಬೇಕಿತ್ತು ಇದು. ನಾನ್ ಇಸ್ಕೂಲ್ಗೆ ಬರಾಕಿಲ್ಲ ಅಂತ ಮಗೀಗೆ ಯೋಳ್ಬುಡ್ತೀನಿ. ನೀವೂ ಸುಮ್ಕೆ ಯಾಕ್ ಗಂಟ್ಲು ನೋಯ್ಸ್ಕತೀರ.” ಅಲ್ಲಿಗೆ ಪರದೆ ಕಪ್ಪಾಯಿತು. ಅದು ತಾವು ಕಪ್ಪಾಗಿಸಿದ್ದಲ್ಲ, ಅವರೇ ಆರಿಸಿದ್ದು.

ಮರುದಿನ ಬೆಳಗ್ಗೆ, ತಾವು ಚಿರತೆಯಾಗಿರುವ ವೇಳೆಯಲ್ಲಿ, ಶಾಂತಲಾ ಒಂದು ವಿಡಿಯೊ ಕಳುಹಿಸಿದಳು. ಅವ್ವ ಪಾಠ ಓದುವುದನ್ನು ನೆನಪಿಗೆ ಇರಲಿ ಎಂದು ಮಂಗಳವಾರ ಸಂಜೆ ಆಕೆ ತನ್ನ ಮೊಬೈಲಿನಲ್ಲಿ ಪಕ್ಕದಿಂದ ಚಿತ್ರೀಕರಿಸಿದ್ದಳು. ಕೆಳಗೆ ಹೀಗೆ ಬರೆದಿದ್ದಳು: “ಮೇಡಂ, ತಪ್ಪು ತಿಳ್ಕೋಬೇಡಿ, ಅವ್ವ ರಾತ್ರಿ ಊಟ ಮಾಡ್ಲಿಲ್ಲ, ಒಂದ್ಸಲ ಇದ್ನ ನೋಡಿ.” ನೋಡಿದೆ. ಲಕ್ಕಮ್ಮ ಕನ್ನಡಕ ಸರಿಪಡಿಸಿಕೊಳ್ಳುತ್ತಾರೆ. ಬೆರಳಿಡುತ್ತಾರೆ. ಏಳನೆಯ ಸಾಲನ್ನು, ಎರಡು ಒತ್ತಕ್ಷರಗಳ ಸಮೇತ, ಎಲ್ಲಿಯೂ ನಿಲ್ಲದೆ ಓದುತ್ತಾರೆ. ಓದಿ ತಲೆಯೆತ್ತಿ, ಮೆಚ್ಚುಗೆಗಾಗಿ ನನ್ನ ಮುಖ ನೋಡುತ್ತಾರೆ. ನನ್ನ ಮುಖ ಅವರ ಮೊಬೈಲಿನಲ್ಲಿ ಬಾಯಿ ಅರ್ಧ ತೆರೆದು ಕಲ್ಲಾಗಿದೆ. ಅವರು ಕಾಯುತ್ತಾರೆ. ಕೇಳಿಸಲಿಲ್ಲವೇನೋ ಎಂದು ಗಟ್ಟಿಯಾಗಿ ಇನ್ನೊಮ್ಮೆ ಓದುತ್ತಾರೆ. ಮತ್ತೆ ಕಾಯುತ್ತಾರೆ. ಮೂರನೆಯ ಬಾರಿ ಓದುತ್ತಿರುವಾಗ, ಸಾಲಿನ ನಡುವೆ, ಮಕ್ಕಳು ಎದ್ದು ಊಟಕ್ಕೆ ಹೋಗುತ್ತಾರೆ ಎಂಬ ನನ್ನ ಮಾತು ಬಂದು ಬೀಳುತ್ತದೆ.

ಆ ವಿಡಿಯೊವನ್ನು ನಾನು ಎರಡನೆಯ ಸಲ ನೋಡಲಿಲ್ಲ. ಆತಿಫನಿಗೆ ಕರೆ ಮಾಡಿದೆ.

ಆತಿಫ್ ಅಂಗಡಿಯನ್ನು ತಮ್ಮನ ಕೈಗೆ ಒಪ್ಪಿಸಿ ಮಧ್ಯಾಹ್ನವೇ ಬಂದ. ಹತ್ತನೆಯ ತರಗತಿಯಲ್ಲಿ ಬೆಳಕಿನ ವಕ್ರೀಭವನದ ಚಿತ್ರವನ್ನು ತಲೆಕೆಳಗಾಗಿ ಬರೆದು ನನ್ನಿಂದ ಬೈಸಿಕೊಂಡಿದ್ದ ಹುಡುಗ ಈಗ ತಮ್ಮ ಅಂತರಂಗವನ್ನು ತನ್ನ ಮೊಬೈಲಿನಲ್ಲಿ ತೆರೆದು ನೋಡಿ, ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. “ಮಿಸ್, ಮನೇಲಿ ಎಷ್ಟ್ ಜನ ಇದೀರಾ?” ಎಂದ. ಇಬ್ಬರು ಎಂದೆ. “ಹದಿನೇಳ್ ಡಿವೈಸ್ ಕನೆಕ್ಟ್ ಆಗಿದಾವೆ ಮಿಸ್. ಬೈಬೇಡಿ, ರೂಟರ್‌ದು ಏನೂ ತಪ್ಪಿಲ್ಲ. ನಿಮ್ ಪ್ಲಾನಲ್ಲಿ ದಿನಕ್ಕೆ ಇಷ್ಟು ಡೇಟಾ ಅಂತ ಇರತ್ತೆ. ಇವ್ರೆಲ್ಲ ಸೇರ್ಕೊಂಡು ಐದೂವರೆಗೆ ಅದನ್ನ ಖಾಲಿ ಮಾಡ್ತಾವ್ರೆ. ಖಾಲಿ ಆದ್ಮೇಲೆ ಕಂಪನಿಯೋರು ಸ್ಪೀಡ್ ಇಳ್ಸ್‌ಬಿಡ್ತಾರೆ. ಆರು ಗಂಟೆಗೆ ನಿಮ್ಗೆ ಸಿಗೋದು ತೊಟ್ಟಿಕ್ಕೋದೇ.”

ನಾನು ಹಾಜರಿ ಕರೆದೆ. ನನ್ನ ಲ್ಯಾಪ್‌ಟಾಪ್, ನನ್ನ ಮೊಬೈಲ್, ಉಪೇಂದ್ರರ ಮೊಬೈಲ್, ಇವು ಮೂರು. ಒಂದು ಟಿ.ವಿ., ಅದು ನಮ್ಮದಲ್ಲ, ಎದುರು ಪಿ.ಜಿ.ಯ ಊಟದ ಕೋಣೆಯದು. ಒಂದು ಸಿಸಿ ಕ್ಯಾಮೆರಾ, ಅದು ಮುನಿಕೃಷ್ಣಪ್ಪನವರ ಗೇಟಿನದು. ಎರಡು ತಿಂಗಳ ಹಿಂದೆ “ಟೀಚರಮ್ಮ, ಕ್ಯಾಮ್ರಾ ಇಕ್ಸ್ತಾ ಇವ್ನಿ, ಒಂದೈದ್ ನಿಮ್ಸ ನಿಮ್ ವೈಪೈ ಕೊಡಿ” ಎಂದು ಕೇಳಿದ್ದರು. ಆ ಐದು ನಿಮಿಷ ಇನ್ನೂ ಮುಗಿದಿಲ್ಲ. ಆ ಕ್ಯಾಮೆರಾ ಇಪ್ಪತ್ನಾಲ್ಕು ಗಂಟೆಯೂ ನನ್ನ ಡೇಟಾ ಉಂಡು ನನ್ನ ಮನೆಯ ಬಾಗಿಲನ್ನೇ ನೋಡುತ್ತಿರುತ್ತದೆ. ಉಳಿದ ಹನ್ನೆರಡೂ ಎದುರು ಕಟ್ಟಡದ ಪಿ.ಜಿ.ಯವು. ಅವನ್ನು ಒಳಗೆ ಬಿಟ್ಟವರು ಯಾರು ಎಂದು ತಾವು ನನ್ನನ್ನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಾನೇ.

ಆರು ತಿಂಗಳ ಹಿಂದೆ ಜಯಂತ್ ಎಂಬ ಒಡಿಶಾದ ತರುಣನೊಬ್ಬ ಬಂದು, ತನ್ನ ಕೋಣೆಯಲ್ಲಿ ಅಂತರ್ಜಾಲ ಕೆಟ್ಟಿದೆಯೆಂದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬೇಡಿಕೊಂಡಿದ್ದ. ಕನ್ನಡದಲ್ಲಿ ಕೇಳಿದರೆ ಕೊಡುತ್ತೇನೆ ಎಂದೆ. ಹೇಗೆ ಕೇಳಬೇಕೆಂದು ಅವನು ತಲೆ ಕೆರೆದುಕೊಂಡಾಗ ನಾನೇ ಒಂದು ಚೀಟಿಯಲ್ಲಿ ಬರೆದು, ನಾಲ್ಕು ಬಾರಿ ಹೇಳಿಸಿ ಕಳುಹಿಸಿದೆ. ಮರುದಿನ ಬಂದು, ಕೈಕಟ್ಟಿ ನಿಂತು, ಒಪ್ಪಿಸಿದ: “ಮಾನ್ಯ ಗುರುಗಳೇ, ತಮ್ಮ ಅಂತರ್ಜಾಲದ ಗುಪ್ತಪದವನ್ನು ದಯಪಾಲಿಸಬೇಕಾಗಿ ಸವಿನಯವಾಗಿ ಬೇಡುತ್ತೇನೆ.” ಮಾನ್ಯರೇ, ನನ್ನ ಕಣ್ಣು ತುಂಬಿತು. ಗುಪ್ತಪದವನ್ನು ಕೊಟ್ಟೆ, ಬೇರೆ ಯಾರಿಗೂ ಹೇಳಕೂಡದೆಂದು ಆಣೆಯನ್ನೂ ಮಾಡಿಸಿಕೊಂಡೆ. ಮುಂದಿನ ವಾರ ಇನ್ನೊಬ್ಬ ಬಂದ. ಅದೇ ವಾಕ್ಯ, ಅದೇ ಸ್ಪಷ್ಟತೆ. ಅನಂತರ ಮತ್ತೊಬ್ಬ. ಒಟ್ಟು ಒಂಬತ್ತು ಜನ ಬಂದರು, ಒಂಬತ್ತು ಜನಕ್ಕೂ ಕೊಟ್ಟೆ. ನಮ್ಮ ಅಡ್ಡರಸ್ತೆಯಲ್ಲಿ ಕನ್ನಡ ಹಬ್ಬುತ್ತಿರುವ ಪರಿಯನ್ನು ಉಪೇಂದ್ರರಿಗೆ ಊಟದ ಹೊತ್ತಿನಲ್ಲಿ ಬಣ್ಣಿಸಿದೆ. “ಎಲ್ಲಾರೂ ‘ಸವಿನಯವಾಗಿ’ ಅನ್ನೋಕ್ಮುಂಚೆ ಒಂದೇ ಥರ ಕೆಮ್ತಾರಲ್ಲೇ” ಎಂದು ಅವರು ಹೇಳಿದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಕೆಮ್ಮು ನನ್ನದು. ಜಯಂತನಿಗೆ ಹೇಳಿಕೊಡುವಾಗ ನನಗೆ ನೆಗಡಿಯಾಗಿತ್ತು.

ನಿನ್ನೆ ಸಂಜೆ ಆತಿಫನೊಡನೆ ಪಿ.ಜಿ.ಗೆ ಹೋದೆ. ಊಟದ ಕೋಣೆಯ ನೀರಿನ ಫಿಲ್ಟರಿನ ಮೇಲೆ ಒಂದು ಹಾಳೆ ಅಂಟಿಸಿದ್ದರು. ಅದರಲ್ಲಿ ನೀರಿನ ಟ್ಯಾಂಕರಿನವನ ನಂಬರ್, ಗ್ಯಾಸಿನವನ ನಂಬರ್, ಅವುಗಳ ಕೆಳಗೆ ನನ್ನ ವಾಕ್ಯ, ಒಡಿಯಾ, ಹಿಂದಿ, ಇಂಗ್ಲಿಷ್ ಎಂಬ ಮೂರು ಲಿಪಿಗಳಲ್ಲಿ, ಕೆಮ್ಮಬೇಕಾದ ಜಾಗಕ್ಕೆ ಒಂದು ನಕ್ಷತ್ರದ ಗುರುತಿನೊಂದಿಗೆ ಇತ್ತು. ನಾನು ಜಯಂತನನ್ನು ನೋಡಿದೆ. ಅವನು ಎದ್ದು ನಿಂತು, ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದ: “ಟೀಚರ್, ಪಾಸ್‌ವರ್ಡ್ ನಾನು ಯಾರಿಗೂ ಹೇಳಿಲ್ಲ. ಪ್ರಾಮಿಸ್. ಸೆಂಟೆನ್ಸ್ ಮಾತ್ರ ಹೇಳಿದೀನಿ.” ಆಣೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಮನುಷ್ಯನನ್ನು ನಾನು ಇನ್ನೆಲ್ಲಿಯೂ ಕಂಡಿಲ್ಲ. ಬೈಯಲು ತೆರೆದ ಬಾಯಿ ಹಾಗೆಯೇ ನಿಂತಿತು. ಈ ಬಾರಿ ಅದಕ್ಕೆ ತಾವು ಕಾರಣರಲ್ಲ.

ಆದ್ದರಿಂದ ತಮ್ಮ ಮೇಲಿನ ದೂರನ್ನು ನಾನು ಹಿಂತೆಗೆದುಕೊಳ್ಳಬೇಕೇ? ಅರ್ಧದಷ್ಟನ್ನು ಹಿಂತೆಗೆದುಕೊಳ್ಳುತ್ತೇನೆ. ಹದಿನೇಳು ಮಂದಿಗೆ ಒಂದೇ ಲೋಟದಲ್ಲಿ ಹಾಲು ಹಂಚಬೇಕಾದವರ ಕಷ್ಟ ನನಗೆ ತಿಳಿಯದ್ದಲ್ಲ. ಯಾರನ್ನೂ ಬರಿಗೈಯಲ್ಲಿ ಕಳುಹಿಸದೆ, ಕ್ಯಾಮೆರಾ ಎಂದೂ ನೋಡದೆ, ಟಿ.ವಿ. ಎಂದೂ ನೋಡದೆ, ಅರವತ್ತೆರಡು ವರ್ಷದ ವಿದ್ಯಾರ್ಥಿನಿ ಎಂದೂ ನೋಡದೆ ಎಲ್ಲರಿಗೂ ಸಮನಾಗಿ ಅನ್ಯಾಯ ಮಾಡಿದ ತಮ್ಮ ಸಮದೃಷ್ಟಿಗೆ ನನ್ನ ಪದಕವನ್ನೇ ತೊಡಿಸಬೇಕು. ಆದರೂ ಉಳಿದರ್ಧ ದೂರಿಗೆ ಪರಿಹಾರವಾಗಿ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳಿವೆ.

ತಾವು ಮುಂದೆ ಯಾವಾಗ ನಿಲ್ಲಬೇಕೆಂದು ಇಚ್ಛಿಸುತ್ತೀರೋ ಅದರ ಹಿಂದಿನ ದಿನವೇ, ಕಾರಣವನ್ನು ಸ್ಪಷ್ಟವಾಗಿ ನಮೂದಿಸಿ, ತಮ್ಮ ಪೋಷಕರಾದ ಅಡಾಪ್ಟರಿನ ಸಹಿಯೊಂದಿಗೆ ರಜಾಚೀಟಿ ಸಲ್ಲಿಸಬೇಕು. ಮಾತು ತಮ್ಮಲ್ಲಿ ಸಿಕ್ಕಿಕೊಂಡಾಗ, ಸುಮ್ಮನಾದವರು ತಾವೇ ಹೊರತು ವಿದ್ಯಾರ್ಥಿನಿಯಲ್ಲ ಎಂದು ನನಗೆ ತಿಳಿಯುವಂತೆ ಒಮ್ಮೆ ಗಟ್ಟಿಯಾಗಿ ಕೆಮ್ಮಬೇಕು. ಕೆಮ್ಮುವುದು ಕಷ್ಟವೆನಿಸಿದರೆ ಎದುರಿನ ಪಿ.ಜಿ.ಯಲ್ಲಿ ಹೇಳಿಕೊಡುತ್ತಾರೆ. ತಮ್ಮ ನಾಲ್ಕು ಹಸಿರು ದೀಪಗಳ ಪಕ್ಕದಲ್ಲಿ, ಹಸಿರು ದೀಪ ಸುಳ್ಳು ಹೇಳುತ್ತಿರುವಾಗ ಹೊತ್ತಿಕೊಳ್ಳುವ ಐದನೆಯ ದೀಪವೊಂದನ್ನು ಬೆಳೆಸಿಕೊಳ್ಳಬೇಕು.

ಕೊನೆಯ ಬೇಡಿಕೆ ಇದು. ಮಂಗಳವಾರ ಆರು ಹದಿನೆಂಟಕ್ಕೆ ನಾನು ಒಂದು ವಾಕ್ಯವನ್ನು ತಮ್ಮ ಕೈಗೆ ಕೊಟ್ಟೆ. ಲಕ್ಕಮ್ಮ ಮೂರು ಬಾರಿ ಸರಿಯಾಗಿ ಓದಿದ್ದನ್ನು ದಾರಿಯಲ್ಲೇ ಚೆಲ್ಲಿಬಿಟ್ಟ ತಾವು, ಆ ನನ್ನ ಒಂದು ವಾಕ್ಯವನ್ನು ಮಾತ್ರ ಒಂದಕ್ಷರವೂ ಕೆಡದಂತೆ, ಧ್ವನಿಯ ಹರಿತವೂ ಕುಂದದಂತೆ ಚಿಕ್ಕಬಾಣಾವರಕ್ಕೆ ಮುಟ್ಟಿಸಿದಿರಿ. ದಯವಿಟ್ಟು ಹೋಗಿ ಅದನ್ನು ಹಿಂದಕ್ಕೆ ತಂದುಕೊಡಿ. ತಮ್ಮಿಂದ ಆಗದು ಎಂದು ಬಲ್ಲೆ. ನಿನ್ನೆಯಿಂದ ನಾನು ಹನ್ನೊಂದು ಬಾರಿ ಕರೆ ಮಾಡಿದರೂ ಲಕ್ಕಮ್ಮ ಫೋನ್ ಎತ್ತುತ್ತಿಲ್ಲ. ಅವ್ವ ಪುಸ್ತಕವನ್ನು ಮಡಚಿ ಬೀರುವಿನ ಮೇಲೆ ಇಟ್ಟಿದ್ದಾಳೆ ಎಂದು ಶಾಂತಲಾ ತಿಳಿಸಿದ್ದಾಳೆ. ಆದ್ದರಿಂದ ಇಲ್ಲಿಯೇ ಬರೆಯುತ್ತೇನೆ: ಲಕ್ಕಮ್ಮ ನಿಧಾನವಾಗಿರಲಿಲ್ಲ. ನಿಧಾನವಾಗಿದ್ದದ್ದು ರೂಟರ್, ಆತುರವಾಗಿದ್ದವಳು ನಾನು. ವಿದ್ಯಾರ್ಥಿ ಉತ್ತರ ಹೇಳಿದ ಮೇಲೂ ಬೈದ ಶಿಕ್ಷಕಿ ಏನು ಮಾಡಬೇಕೆಂದು ನನಗೆ ಯಾವ ತರಬೇತಿಯಲ್ಲಿಯೂ ಹೇಳಿಕೊಟ್ಟಿಲ್ಲ. ಕ್ಷಮೆ ಕೇಳಬೇಕೆಂದು ತೋರುತ್ತದೆ. ಕೇಳಿದ್ದೇನೆ.

ಇನ್ನು ಆಡಳಿತದ ವಿಷಯ. ಇಂದಿನಿಂದ ತಮ್ಮ ಗುಪ್ತಪದ ಬದಲಾಗಿದೆ. ಕನ್ನಡದಲ್ಲಿ ಕೇಳಿದವರಿಗೆ ಕೊಡುತ್ತೇನೆಂದು ಹೇಳಿದವಳು ನಾನು, ಆ ಮಾತಿಗೆ ತಪ್ಪುವುದಿಲ್ಲ. ಆದರೆ ಹೊಸ ಗುಪ್ತಪದ ಬೇಕಾದವರು, ಯಾರೂ ಬರೆದುಕೊಡದ, ಸ್ವಂತವಾಗಿ ಕಟ್ಟಿದ ಒಂದು ವಾಕ್ಯದಲ್ಲಿ ಕೇಳಬೇಕು. ಅದು ತಪ್ಪಾಗಿದ್ದರೂ ಆದೀತು. ಸಂಜೆ ಐದರಿಂದ ಏಳರವರೆಗೆ ಯಾರಿಗೂ ಪ್ರವೇಶವಿಲ್ಲ. ಅದಕ್ಕೆ ಬೇಕಾದ ಏರ್ಪಾಡನ್ನು ಆತಿಫ್ ತಮ್ಮೊಳಗೆ ಮಾಡಿದ್ದಾನೆ. ಸಿಸಿ ಕ್ಯಾಮೆರಾದವರು ತಮ್ಮ ಯಜಮಾನರ ಮನೆಯಲ್ಲಿಯೇ ಊಟ ಮಾಡಿಕೊಳ್ಳಬೇಕು.

ಏಳು ಅಡಿ ದೂರದಲ್ಲಿದ್ದೂ ತಮ್ಮನ್ನು ಅರ್ಥಮಾಡಿಕೊಳ್ಳಲು ಆರು ತಿಂಗಳು ತೆಗೆದುಕೊಂಡ,

ತಮ್ಮ ವಿಶ್ವಾಸಿ,
ಎನ್. ಕಲಾವತಿ

ಪ್ರತಿಗಳು: ಅಡಾಪ್ಟರ್ ಅವರಿಗೆ, ಮಾಹಿತಿಗಾಗಿ. ಎದುರು ಕಟ್ಟಡದ ನಿವಾಸಿಗಳಿಗೆ, ನಮ್ಮ ಗೇಟಿನ ಮೇಲೆ.

ತಾ.ಕ.: ಇದನ್ನು ಶುಕ್ರವಾರ ಮಧ್ಯಾಹ್ನ, ನನ್ನ ಬಳಿ ಉಳಿದ ಕರಡಿನ ಕೆಳಗೆ ಬರೆಯುತ್ತಿದ್ದೇನೆ. ಗೇಟಿನ ಪ್ರತಿಯ ಮುಂದೆ ಬೆಳಗ್ಗೆ ಪಿ.ಜಿ.ಯ ಆರೇಳು ಜನ ಸೇರಿದ್ದರು. ಕನ್ನಡ ಮಾತನಾಡಲು ಒಂದು ವಾಕ್ಯ ಬಲ್ಲ ಅವರಲ್ಲಿ ಒಬ್ಬರಿಗೂ ಓದಲು ಬರುವುದಿಲ್ಲ ಎಂಬುದು ಅಂಟಿಸುವಾಗ ನನ್ನ ಬುದ್ಧಿಗೆ ಹೊಳೆದಿರಲಿಲ್ಲ. ಹೊಸ ಮನೆಯ ತಾರಸಿಗೆ ಮೋಲ್ಡಿಂಗ್ ಹಾಕುವುದನ್ನು ನೋಡಲು ಬಂದಿದ್ದ ಲಕ್ಕಮ್ಮ ಅದೇ ದಾರಿಯಲ್ಲಿ ಹೋಗುತ್ತಿದ್ದರು. ಜಯಂತ್ ಅವರನ್ನು ತಡೆದು, “ಅಮ್ಮಾ, ಇದು ಏನ್ ಬರ್ದಿದೆ?” ಎಂದು ಕೇಳಿದ. ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡು ಓದತೊಡಗಿದರು. ನಾನು ಕಿಟಕಿಯ ಹಿಂದೆ, ತಮ್ಮ ಪಕ್ಕದಲ್ಲಿಯೇ ನಿಂತಿದ್ದೆ. ನಮ್ಮಿಬ್ಬರಲ್ಲಿ ಉಸಿರು ಬಿಗಿಹಿಡಿದವಳು ನಾನೊಬ್ಬಳೇ. ಒಂದೊಂದು ಪದಕ್ಕೂ ಬೆರಳಿಟ್ಟು, ಸಾವಧಾನವಾಗಿ, ಮುಕ್ಕಾಲು ಗಂಟೆ ಅವರು ಓದಿದರು. ಅಲ್ಲಲ್ಲಿ ತಪ್ಪಾಯಿತು, ನಾನು ತಿದ್ದಲಿಲ್ಲ. ಲಕ್ಕಮ್ಮ ಎಂಬ ಹೆಸರು ಬಂದಲ್ಲಿಯೂ, ಕ್ಷಮೆಯ ಸಾಲು ಬಂದಲ್ಲಿಯೂ ಬೇರೆ ಯಾರದೋ ವಿಷಯವೆಂಬಂತೆ ಅದೇ ಧ್ವನಿಯಲ್ಲಿ ಓದಿ ಮುಗಿಸಿ, ಕಿಟಕಿಯ ಕಡೆಗೆ ತಿರುಗಿ, “ಈ ಲಕ್ಕಮ್ಮ ಅಂದ್ರೆ ನಾನೇಯಾ, ಟೀಚರಮ್ಮ?” ಎಂದರು. ಹೌದೆಂದೆ. “ಇಷ್ಟ್ ಉದ್ದುದ್ದ ಬರದ್ರೆ ಓದೋರ್ಗೆ ಉಸ್ರು ಕಟ್ಟಾಕಿಲ್ವಾ? ಇರ್ಲಿ, ಆ ಇಲಿ ಕತೆಗಿಂತ ಇದೇ ಸಂದಾಗೈತೆ. ನಾಳೆ ಇಸ್ಕೂಲ್ನಾಗೆ ಇದ್ನೇ ಓದ್ತೀನಿ” ಎಂದು ಹೇಳಿ, ಗೇಟಿನಿಂದ ಪತ್ರವನ್ನು ಮೂಲೆ ಹರಿಯದಂತೆ ಬಿಡಿಸಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದರು. ಆದ್ದರಿಂದ ಈ ಬಹಿರಂಗ ಪತ್ರ ಸದ್ಯಕ್ಕೆ ಗೇಟಿನ ಮೇಲಿಲ್ಲ. ಓದಲಿಚ್ಛಿಸುವವರು ನಾಳೆ ಬೆಳಗ್ಗೆ ಹನ್ನೊಂದಕ್ಕೆ ಚಿಕ್ಕಬಾಣಾವರದಲ್ಲಿ, ಎರಡನೆಯ ತರಗತಿಯ ಕೋಣೆಯಲ್ಲಿ ಕೇಳಬಹುದು. ನಾನೂ ಉಪೇಂದ್ರರೂ ಹತ್ತು ಗಂಟೆಯ ಬಸ್ಸಿಗೆ ಹೊರಡುತ್ತೇವೆ. ಮಾನ್ಯರೇ, ತಮಗೂ ಆದರದ ಆಹ್ವಾನವಿದೆ; ಆದರೆ ತಾವು ಬಂದು ತಲುಪುವ ಹೊತ್ತಿಗೆ ಆ ಮಕ್ಕಳು ಐದನೆಯ ತರಗತಿಗೆ ಹೋಗಿರುತ್ತಾರೆ.